ತೆರೆಯ ಮೇಲಿನ ಬಣ್ಣವೂ ಅಕ್ಷರವೂ

ನಮ್ಮ ಸೆಮಿನಾರುಗಳಲ್ಲಿ ಕರಿಹಲಗೆಯ ಜೊತೆಗೆ ಬೆಳಕಿನ ತೆರೆಯೂ ಬಂದು ಸೇರಿರುವುದು ಎಲ್ಲರಿಗೂ ತಿಳಿದ ವಿಷಯ. ಆದರೆ ಪುಟಕ್ಕೊಂದು ಬಣ್ಣ, ಸಾಲಿಗೊಂದು ಬಗೆಯ ಅಕ್ಷರ ಹಾಕಿದರೆ ನೋಡುವವರ ಗಮನವು ವಿಷಯದಿಂದ ಜಾರಿಹೋಗುತ್ತದೆ. ಇದಕ್ಕೆ ಪವರ್‌ಪಾಯಿಂಟಿನಲ್ಲಿರುವ 'ಥೀಮ್' ಎಂಬ ಏರ್ಪಾಡೇ ಪರಿಹಾರ. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊಳಕಾಲ್ಮೂರಿನ ಮಗ್ಗವನ್ನು ಕಂಡವರಿಗೆ ಥೀಮ್ ಎಂದರೇನೆಂಬುದು ಸುಲಭವಾಗಿ ತಿಳಿದೀತು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಲ್ಲಿಯ ರೇಷ್ಮೆ ಸೀರೆಗೆ ಒಡಲು, ಅಂಚು, ಸೆರಗುಗಳ ಬಣ್ಣ ಯಾವುದೆಂದು ನೇಕಾರನು ಹಾಸು ಏರಿಸುವ ಮುನ್ನವೇ ನಿಶ್ಚಯಿಸುತ್ತಾನೆ. ನಾವೂ ಮೊದಲ ಪುಟ ಬರೆಯುವ ಮುನ್ನವೇ ನಿಶ್ಚಯಿಸಬೇಕು.

'ವ್ಯೂ' ಪಟ್ಟಿಯಲ್ಲಿ 'ಸ್ಲೈಡ್ ಮಾಸ್ಟರ್' ತೆರೆದು, 'ಕಲರ್ಸ್' ಎಂಬಲ್ಲಿ 'ಕಸ್ಟಮೈಸ್ ಕಲರ್ಸ್' ಒತ್ತಿದರೆ 12 ಬಣ್ಣಗಳ ಮನೆಗಳು ಕಾಣುತ್ತವೆ: ಹಿನ್ನೆಲೆಗೂ ಬರಹಕ್ಕೂ 4, ಚಿತ್ರ ನಕ್ಷೆಗಳಿಗೆ 6, ಕೊಂಡಿಗಳಿಗೆ 2. ಪಕ್ಕದ 'ಫಾಂಟ್ಸ್' ಎಂಬಲ್ಲಿ ಶೀರ್ಷಿಕೆಗೊಂದು, ಒಡಲ ಬರಹಕ್ಕೊಂದು ಅಕ್ಷರವನ್ನು ಆರಿಸಬೇಕು. ಹೆಸರು ಕೊಟ್ಟು ಉಳಿಸಿದರಾಯಿತು. ಮುಂದೆ ಒಂದೆಡೆ ಬದಲಿಸಿದರೆ ಎಲ್ಲ ಪುಟಗಳೂ ಬದಲಾಗುತ್ತವೆ. ಆದರೆ ಪುಟಗಳಲ್ಲಿ ಬಳಸಿದ ಬಣ್ಣಗಳು ಆ ಥೀಮಿನವೇ ಆಗಿರಬೇಕು.

ಬಣ್ಣಗಳಲ್ಲಿ ಅಂದಕ್ಕಿಂತ ಅಂತರ ಮುಖ್ಯ. ಚಳ್ಳಕೆರೆಯ ಕರಿ ಕಂಬಳಿಯ ಮೇಲೆ ಬಿಳಿ ಎಳೆ ದೂರಕ್ಕೂ ಕಾಣುವಂತೆ, ಹಿಂದಿನ ಬೆಂಚಿನವರಿಗೂ ಬರಹ ಕಾಣಬೇಕು. ಕೆಂಪು ಹಸಿರುಗಳನ್ನು ಗುರುತಿಸಲಾರದ ಕಣ್ಣುಗಳೂ ಉಂಟೆಂಬುದನ್ನು ಮರೆಯಬಾರದು.

ಕನ್ನಡದ ಮಾತು ಬೇರೆ. ಯೂನಿಕೋಡಿಗೆ ಹಿಂದಿನ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡವು, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿಬಿಡುತ್ತದೆ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡನು, ಲಿಪಿಕಾರನೆಂಬ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದನು. ಅವನು ಬೇಕೆಂದೇ ಲಿಪಿ ಬದಲಿಸಿದನು. ನಮ್ಮ ಬರಹ ನಮಗೆ ತಿಳಿಯದೆಯೇ ಬದಲಾಗುತ್ತದೆ. ಆದ್ದರಿಂದ ತುಂಗಾ, ನಿರ್ಮಲಾ, ನೋಟೋ ಸ್ಯಾನ್ಸ್ ಕನ್ನಡ ಮೊದಲಾದ ಯೂನಿಕೋಡ್ ಅಕ್ಷರಗಳನ್ನೇ ಬಳಸುವುದು ಲೇಸು. ಒತ್ತಕ್ಷರಗಳು ಕೆಳಸಾಲಿಗೆ ತಗಲದಂತೆ ಸಾಲುಗಳ ನಡುವೆ ತುಸು ಹೆಚ್ಚು ಜಾಗ ಬಿಡಬೇಕು.

ಇದೆಲ್ಲ ಬರಿಯ ಅಲಂಕಾರವೆಂದು ಕೆಲವರು ಭಾವಿಸಬಹುದು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನಂಥವರು ಇಲ್ಲಿ ಅನೇಕರಿದ್ದಾರೆ. ಸೆಮಿನಾರಿನಲ್ಲಿ ನಮಗೆ ದೊರೆಯುವುದು ಹತ್ತು ನಿಮಿಷ. ಅದು ಅಕ್ಷರ ಸರಿಪಡಿಸುವುದರಲ್ಲಿಯೇ ಕಳೆದರೆ, ಕಷ್ಟಪಟ್ಟು ಓದಿದ ವಿಷಯವು ಹೇಳದೆಯೇ ಉಳಿದುಹೋಗುತ್ತದೆ.