ಹಾಡು ಗೊತ್ತು, ಸಿನಿಮಾ ಗೊತ್ತಿಲ್ಲ

ಮಕ್ಕಳೇ, ಇವತ್ತು ಸಂಜೆ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅಜ್ಜಿಯೋ ದೊಡ್ಡಮ್ಮನೋ ಬಿಡುವಾಗಿ ಕೂತಿದ್ದಾಗ, ‘ಊರಿನ ಮಂದಾರ ಹೂವಿನ ಮೇಲೆ ಒಂದು ಹಳೇ ಸಿನಿಮಾ ಹಾಡು ಇದೆಯಂತಲ್ಲ, ಅದನ್ನೊಂದಿಷ್ಟು ಹೇಳಿ’ ಅಂತ ಕೇಳಿ. ಬಹುಪಾಲು ಅವರು ಮೊದಲು ನಾಚಿಕೊಂಡು, ಆಮೇಲೆ ಗುನುಗಿಯೇ ಬಿಡುತ್ತಾರೆ. ಹಾಡು ಮುಗಿದ ಮೇಲೆ ಎರಡನೇ ಪ್ರಶ್ನೆ: ‘ಅಜ್ಜಿ, ಇದು ಯಾವ ಸಿನಿಮಾದ್ದು?’

ನಾನು ಈ ಪ್ರಶ್ನೆಯನ್ನು ಮಧುಗಿರಿ ಬಸ್ ನಿಲ್ದಾಣದಲ್ಲಿ ಕೇಳಿದ್ದೇನೆ, ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಕೂತು ಕೇಳಿದ್ದೇನೆ. ಕೆಲವರು ತೊಂಬತ್ತರ ದಶಕದ ಶಿವರಾಜ್‌ಕುಮಾರ್ ಚಿತ್ರದ ಹೆಸರು ಹೇಳುತ್ತಾರೆ. ಆ ಚಿತ್ರ ತನ್ನ ಹೆಸರನ್ನೇ ಈ ಹಾಡಿನಿಂದ ಪಡೆದದ್ದು. ಹಾಡು ಅದಕ್ಕಿಂತ ಹಳೆಯದು. 1981ರ ‘ಆಲೆಮನೆ’ ಎಂಬ ಚಿತ್ರದ್ದು. ಸುರೇಶ್ ಹೆಬ್ಳೀಕರ್, ರೂಪಾ ಚಕ್ರವರ್ತಿ ನಟಿಸಿದ್ದರು. ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಬರೆದವರು ನಮ್ಮವರೇ, ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ ಹುಟ್ಟಿದ ದೊಡ್ಡರಂಗೇಗೌಡರು. 2023ರಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಸ್ವಂತ ತಾಲ್ಲೂಕಿನ ಕವಿ ಬರೆದ ಹಾಡು ಎಲ್ಲರ ಬಾಯಲ್ಲೂ ಇದೆ, ಅದು ಇದ್ದ ಸಿನಿಮಾ ನೋಡಿದವರು ನನಗೆ ಇದುವರೆಗೆ ಸಿಕ್ಕಿದ್ದು ಮೂರೇ ಜನ.

ನಾನು ಮೇಷ್ಟ್ರು. ಈಗ ನಿವೃತ್ತನಾಗಿ ಕೊರಟಗೆರೆಯಲ್ಲಿದ್ದೇನೆ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ, ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗಿ ವರ್ಗವಾಗಿ ನನ್ನ ಸರ್ವೀಸು ಮುಗಿಯಿತು. ನಿವೃತ್ತಿಯ ವರ್ಷ ಮಗ ಒಂದು ಪುಟ್ಟ ಪ್ರೊಜೆಕ್ಟರ್ ತಂದುಕೊಟ್ಟ. ಅಂದಿನಿಂದ ತಿಂಗಳಿಗೊಂದು ಶನಿವಾರ ಮನೆಯ ನಡುಮನೆಯಲ್ಲಿ ಬಿಳಿ ಪಂಚೆ ಕಟ್ಟಿ ಸಿನಿಮಾ ಹಾಕುತ್ತೇನೆ. ಬೀದಿಯ ಮಕ್ಕಳು ಬರುತ್ತಾರೆ, ಅವರನ್ನು ಕರೆದುಕೊಂಡು ಹೋಗಲು ಬಂದ ಅಜ್ಜಂದಿರು ಅಲ್ಲೇ ಕೂರುತ್ತಾರೆ. ಹಳೇ ಸ್ನೇಹಿತರು ಕರೆದರೆ ಪ್ರೊಜೆಕ್ಟರನ್ನು ಬ್ಯಾಗಿಗೆ ಹಾಕಿಕೊಂಡು ಅವರ ಹಳ್ಳಿಗೂ ಹೋಗುತ್ತೇನೆ. ಗೆದ್ದ ಸಿನಿಮಾಗಳನ್ನು ಹಾಕುವುದಿಲ್ಲ. ‘ಬಂಗಾರದ ಮನುಷ್ಯ’ವನ್ನೋ ‘ಭೂತಯ್ಯನ ಮಗ ಅಯ್ಯು’ವನ್ನೋ ತೋರಿಸಲು ನಾನೇ ಬೇಕಾಗಿಲ್ಲ. ಅವು ಗೆದ್ದದ್ದು ನ್ಯಾಯವಾಗಿಯೇ. ನನ್ನ ಆಸಕ್ತಿ ಇರುವುದು ಹೆಸರು ಉಳಿದು ತಾವು ಮರೆಯಾದ ಚಿತ್ರಗಳ ಮೇಲೆ.

ಅಂಥವು ಒಂದೊಂದು ಒಂದೊಂದು ರೀತಿಯಲ್ಲಿ ಮರೆಯಾಗುತ್ತವೆ. ‘ಆಲೆಮನೆ’ಯದು ಹಾಡು ಉಳಿಯಿತು. ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಹುಟ್ಟಿದ ಬರಗೂರು ರಾಮಚಂದ್ರಪ್ಪನವರ ‘ಶಾಂತಿ’ಯದು ದಾಖಲೆ ಉಳಿಯಿತು. ಇಡೀ ಚಿತ್ರದಲ್ಲಿ ಒಬ್ಬರೇ ನಟಿ, ಭಾವನಾ. ಗಿನ್ನೆಸ್ ದಾಖಲೆಯ ಸುದ್ದಿ ಓದಿದವರು ಬಹಳ ಜನ, ಕ್ವಿಜ್ ಸ್ಪರ್ಧೆಯಲ್ಲಿ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಾರೆ. ಆದರೆ ಆ ಒಬ್ಬಳು ಹೆಂಗಸು ಎರಡು ಗಂಟೆ ಏನು ಮಾಡುತ್ತಾಳೆ ಅಂತ ಕೇಳಿದರೆ ಮೌನ. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ಯದು ಪ್ರಶಸ್ತಿ ಉಳಿಯಿತು. 1986ರಲ್ಲಿ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು, ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಪ್ರಶಸ್ತಿ ಬಂದಿದೆ ಅಂದಮೇಲೆ ನಿದ್ದೆ ಬರುವ ಸಿನಿಮಾ ಇರಬೇಕು ಅಂತ ಜನ ತೀರ್ಮಾನಿಸಿದರು.

ಆ ತೀರ್ಮಾನ ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ನಿಧಾನವಾಗಿ ನಡೆದ ಮಾತ್ರಕ್ಕೆ, ಎತ್ತಿನ ಗಾಡಿಯನ್ನು ಐದು ನಿಮಿಷ ತೋರಿಸಿದ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗುವುದಿಲ್ಲ. ಪದಕ ತೊಟ್ಟುಕೊಂಡೇ ಬೇಸರ ಹುಟ್ಟಿಸುವ ಚಿತ್ರಗಳನ್ನು ನಾನೂ ನೋಡಿದ್ದೇನೆ, ಅರ್ಧಕ್ಕೆ ಎದ್ದು ಕಾಫಿಗೆ ಹೋಗಿದ್ದೇನೆ. ಆದರೆ ‘ತಬರನ ಕಥೆ’ ಅಂಥದ್ದಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕತೆ. ಸರ್ಕಾರಿ ಕೆಲಸದಿಂದ ನಿವೃತ್ತನಾದ ತಬರ ಪೆನ್ಷನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಗಾಯ ದೊಡ್ಡದಾಗುತ್ತಾ ಹೋಗುತ್ತದೆ. ನಮ್ಮ ನಡುಮನೆಯಲ್ಲಿ ಅದನ್ನು ಹಾಕಿದ ದಿನ ಹಿಂದೆ ಕೂತಿದ್ದ ಇಬ್ಬರು ಯಜಮಾನರು ಉಸಿರೆತ್ತಲಿಲ್ಲ. ಸಿನಿಮಾ ಮುಗಿದ ಮೇಲೆ ಒಬ್ಬರು ಚಪ್ಪಲಿ ಹುಡುಕುತ್ತಾ, ‘ಮೇಷ್ಟ್ರೇ, ಆ ಗುಮಾಸ್ತನ ಥರದೋನು ನಾನೂ ಆಗಿದ್ದೆ ಅಂತ ಕಾಣ್ತದೆ ಕಣ್ರೀ’ ಅಂದರು. ಅವರು ಮೂವತ್ತು ವರ್ಷ ಕಚೇರಿಯಲ್ಲಿ ಫೈಲು ನೋಡಿದವರು. ಯಾವ ವಿಮರ್ಶಕರೂ ಆ ಚಿತ್ರದ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಬರೆದಿರಲಾರರು.

ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಬರಗೂರರದೇ ‘ಹಗಲುವೇಷ’ ತೋರಿಸಿದಾಗ ಬೇರೆಯೇ ತರಹ ಆಯಿತು. 2000ದ ಚಿತ್ರ, ಬ್ರಿಟಿಷರ ಕಾಲದ ಕತೆ, ಶಿವರಾಜ್‌ಕುಮಾರ್ ನಾಯಕ. ಮಕ್ಕಳು ಹೊಡೆದಾಟ ಯಾವಾಗ ಅಂತ ಕಾಯುತ್ತಿದ್ದರು. ಅಜ್ಜಂದಿರು ಕಾಯುತ್ತಿದ್ದುದು ವೇಷಗಳಿಗೆ. ಹಗಲುವೇಷದವರು ಅಂದರೆ ಯಾರು ಎಂದು ಒಬ್ಬ ಹುಡುಗ ಕೇಳಿದ್ದೇ ತಡ, ಸಿನಿಮಾ ನಿಲ್ಲಿಸಬೇಕಾಯಿತು. ಬಣ್ಣ ಹಚ್ಚಿ ಹಾಡುಹಗಲೇ ಮನೆ ಮುಂದೆ ಬಂದು ಆಡುತ್ತಿದ್ದ ರಾಮ, ರಾವಣ, ಹನುಮಂತ. ಮೊರದ ತುಂಬ ರಾಗಿ ಹಾಕುತ್ತಿದ್ದ ಅಮ್ಮಂದಿರು. ‘ಹನುಮಂತನ ಬಾಲ ಹಿಡ್ಕೊಂಡು ಊರಾಚೆ ಗಂಟ ಹೋಗಿದ್ದೆ, ಅಪ್ಪ ಬಂದು ನಾಲ್ಕು ಬಿಟ್ಟ’ ಅಂತ ಒಬ್ಬರು. ಅರ್ಧ ಗಂಟೆ ಮಾತೇ ನಡೆಯಿತು. ನನಗೇನೂ ಬೇಸರವಾಗಲಿಲ್ಲ. ಹಳೇ ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್ ಇರುತ್ತಿದ್ದುದರಿಂದ ರೀಲು ಬದಲಿಸುವಾಗಲೆಲ್ಲ ಸಿನಿಮಾ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಜನ ಕಡಲೆಕಾಯಿ ತಿನ್ನುತ್ತಾ ಕತೆಯ ಬಗ್ಗೆ ಜಗಳವಾಡುತ್ತಿದ್ದರು. ನೋಡುವುದರಲ್ಲಿ ಅದೂ ಒಂದು ಭಾಗ.

ಪಾವಗಡದ ಮಾತು ಹೇಳದಿದ್ದರೆ ನನ್ನ ಲೇಖನ ಅರ್ಧ. ನಕ್ಷೆ ತೆಗೆದು ನೋಡಿ, ಆ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ. ಅಲ್ಲಿ ಮನೆಯ ಒಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಸಿನಿಮಾ ಅಂದರೆ ಮೊದಲು ತೆಲುಗೇ. ಅಂಥ ಊರಿನಲ್ಲಿ ಸ್ನೇಹಿತರೊಬ್ಬರ ಮನೆಯ ಅಂಗಳದಲ್ಲಿ ‘ನಾಂದಿ’ ಹಾಕಿದೆ. 1964ರ ಕಪ್ಪು ಬಿಳುಪು ಚಿತ್ರ, ಎನ್. ಲಕ್ಷ್ಮೀನಾರಾಯಣ್ ಅವರ ಮೊದಲ ಕಥಾಚಿತ್ರ. ಕಿರೀಟವಿಲ್ಲದ, ಕತ್ತಿಯಿಲ್ಲದ ರಾಜ್‌ಕುಮಾರ್ ಇದರಲ್ಲಿ ಒಬ್ಬ ಬಡ ಶಾಲಾ ಮಾಸ್ತರು. ಕಿವಿ ಕೇಳದ, ಮಾತು ಬಾರದ ಹೆಂಗಸಾಗಿ ಹರಿಣಿ. ರಾಜ್‌ಕುಮಾರ್ ಚಿತ್ರಗಳ ಹೆಸರು ಹೇಳಿ ಅಂದರೆ ಇಪ್ಪತ್ತು ಹೇಳುವ ಅಭಿಮಾನಿ ಕೂಡ ಇದನ್ನು ಬಿಟ್ಟುಬಿಡುತ್ತಾನೆ.

ಅಂದು ನಮ್ಮ ಸ್ಪೀಕರು ಕೈಕೊಟ್ಟಿತು. ಧ್ವನಿ ಬರುತ್ತಿತ್ತು, ಮಾತು ಸ್ಪಷ್ಟವಾಗುತ್ತಿರಲಿಲ್ಲ. ‘ಏನಂತೆ, ಏನಂದ?’ ಅಂತ ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಮುಂದಿನ ಸಾಲಿನಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿ ಮಾತ್ರ ಯಾರನ್ನೂ ಕೇಳಲಿಲ್ಲ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ಸಿನಿಮಾ ನೋಡುವಾಗ ಅವಳು ಯಾವಾಗಲೂ ಪಕ್ಕದವರ ಮುಖ ನೋಡುವವಳಂತೆ, ಅವರು ನಕ್ಕರೆ ನಗಬೇಕು ಅಂತ. ಅಂದು ತಿರುಗಲೇ ಇಲ್ಲ. ಹರಿಣಿಯವರ ಕೈ, ಕಣ್ಣು, ಹುಬ್ಬು ನೋಡುತ್ತಾ ಎಲ್ಲರಿಗಿಂತ ಮೊದಲು ನಕ್ಕಳು. ಎಲ್ಲರಿಗಿಂತ ಮೊದಲು ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಉಳಿದವರು ಪರದೆ ಬಿಟ್ಟು ಅವಳ ಮುಖ ನೋಡಿ ಕತೆ ತಿಳಿಯತೊಡಗಿದರು. ಅವಳ ಅಜ್ಜಿ ತೆಲುಗಿನಲ್ಲಿ ಪಕ್ಕದಾಕೆಗೆ ಹೇಳಿದ್ದು ನನಗೂ ಅರ್ಥವಾಯಿತು: ಇದು ನಮ್ಮ ಹುಡುಗಿಯ ಸಿನಿಮಾ. ಮಾರನೇ ದಿನ ನಾನು ಹೊರಡುವಾಗ ಆ ಅಜ್ಜಿ ಮೊಮ್ಮಗಳ ಎದುರು ಕೂತು, ಊಟ ಆಯಿತಾ ಅಂತ ಕೈಯಲ್ಲಿ ಕೇಳುವುದನ್ನು ಕಲಿಯುತ್ತಿದ್ದರು. ಹುಡುಗಿ ಅಜ್ಜಿಯ ಬೆರಳು ಹಿಡಿದು ತಿದ್ದುತ್ತಿದ್ದಳು.

ಒಂದು ಸಿನಿಮಾಕ್ಕೆ ಇನ್ನಷ್ಟು ಮರ್ಯಾದೆ ಸಲ್ಲಬೇಕಿತ್ತು ಅಂತ ನಾನು ಹೇಗೆ ತೀರ್ಮಾನಿಸುತ್ತೇನೆ ಎಂದು ಮಕ್ಕಳು ಕೇಳುತ್ತಾರೆ. ಕ್ಯಾಮೆರಾ, ಸಂಕಲನ, ಇವೆಲ್ಲ ನನಗೆ ಅಷ್ಟಾಗಿ ತಿಳಿಯದು. ನಾನು ನೋಡುವುದು ಇಷ್ಟು: ಉಳಿದ ಚಿತ್ರಗಳು ಪಕ್ಕಕ್ಕೆ ಸರಿಸಿದ ಯಾರನ್ನು ಇದು ಕರೆದು ಮುಂದೆ ಕೂರಿಸಿತು? ‘ನಾಂದಿ’ ಮಾತಿಲ್ಲದವಳನ್ನು ಕೂರಿಸಿತು, ತಮಾಷೆಗೆ ಬಳಸಲಿಲ್ಲ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ ಓದಬೇಕೆಂದು ಹಟ ಹಿಡಿದ ಬಡ ದಲಿತ ಹುಡುಗನನ್ನು ಕೂರಿಸಿತು. ಕುಂ. ವೀರಭದ್ರಪ್ಪನವರ ಕತೆ, 1994ರ ಚಿತ್ರ. ಆ ಹುಡುಗನ ಪಾತ್ರಕ್ಕೆ ವಿಜಯ ರಾಘವೇಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಂದಿನ ಮಕ್ಕಳಿಗೆ ಅವರು ದೊಡ್ಡ ನಟರಾಗಿ ಗೊತ್ತು, ಕೊಟ್ರೇಶಿಯಾಗಿ ಗೊತ್ತಿಲ್ಲ.

ನೋಡದೆ ಬಿಟ್ಟರೆ ಏನಾಯಿತು, ಮುಂದೆಂದಾದರೂ ನೋಡಿದರಾಯಿತು ಅನ್ನಬಹುದು. ಅಲ್ಲೇ ತೊಂದರೆ ಇರುವುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ತೆರೆಕಂಡಿತು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಹಳೇ ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಓಡದ ಚಿತ್ರಗಳ ಸುರುಳಿಗಳನ್ನು ಆ ಬೆಳ್ಳಿಗಾಗಿಯೇ ಮಾರಿದ್ದುಂಟು. ಶಾಖಕ್ಕೆ, ತೇವಕ್ಕೆ ಸಿಕ್ಕಿ ಅಂಟಿಕೊಂಡು ಹುಳಿವಾಸನೆ ಹೊಡೆದು ಹಾಳಾದವು ಇನ್ನಷ್ಟು. ನಾವು ಹುಡುಗರಾಗಿದ್ದಾಗ ಟೆಂಟಿನ ಹಿಂದೆ ಬಿದ್ದ ತುಂಡು ಫಿಲ್ಮು ಆಯ್ದು, ಸುಟ್ಟುಹೋದ ಬಲ್ಬಿಗೆ ನೀರು ತುಂಬಿ, ಕನ್ನಡಿಯಲ್ಲಿ ಬಿಸಿಲು ಹಿಡಿದು ಗೋಡೆಯ ಮೇಲೆ ರಾಜ್‌ಕುಮಾರರನ್ನು ಮೂಡಿಸುತ್ತಿದ್ದೆವು.

ಕೇಳುವವರಿದ್ದರೆ ಮಾತ್ರ ಕಾಯುವವರು ಇರುತ್ತಾರೆ. ಕಾಸರವಳ್ಳಿಯವರದೇ 1977ರ ‘ಘಟಶ್ರಾದ್ಧ’ವನ್ನು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ ಮೊದಲಾದವರು ಸೇರಿ ಮತ್ತೆ ಹೊಸದರಂತೆ ಮಾಡಿದರು. 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆಯ ಮೇಲೆ ಬಂತು. ಮಲೆನಾಡಿನ ಒಬ್ಬ ಪುಟ್ಟ ಹುಡುಗನ ಕಣ್ಣಿನಿಂದ ನೋಡಿದ ಕತೆ ವೆನಿಸ್ಸಿಗೆ ಹೋಗಿ ಬಂದಿದೆ, ಮಧುಗಿರಿಗೆ ಇನ್ನೂ ಬರಬೇಕು.

ಅದಕ್ಕೇ ಈಗ ಪ್ರೊಜೆಕ್ಟರ್ ಜೊತೆಗೆ ಒಂದು ನೋಟ್‌ಬುಕ್ಕೂ ಇಟ್ಟಿದ್ದೇನೆ. ಅಜ್ಜ ಅಜ್ಜಿಯರು ನೆನಪಿದ್ದದ್ದು ಹೇಳಬೇಕು, ಮಕ್ಕಳು ಬರೆಯಬೇಕು. ಟೆಂಟಿನ ಜಾಗ, ನೆಲದ ಟಿಕೆಟ್ಟಿಗೆ ಕೊಟ್ಟ ಕಾಸು, ಅತ್ತ ಸಿನಿಮಾ, ಅರ್ಧಕ್ಕೆ ಮಳೆ ಬಂದ ಸಿನಿಮಾ. ಅಕ್ಷರ ತಪ್ಪುಗಳನ್ನು ನಾನು ತಿದ್ದುವುದಿಲ್ಲ, ಅಭ್ಯಾಸ ಬಲದಿಂದ ಕೈ ಮಾತ್ರ ತುರಿಸುತ್ತದೆ. ಹಾಡು ನೆನಪಿದ್ದವರಿಗೆ ಸಿನಿಮಾದ ಹೆಸರು ಹುಡುಕಿಕೊಡುವುದು ಮಕ್ಕಳ ಕೆಲಸ. ಹೆಚ್ಚಿನವಕ್ಕೆ ಉತ್ತರ ಸಿಕ್ಕಿದೆ.

ಸಿಗದಿರುವುದು ಒಂದು. ಕೊರಟಗೆರೆ ಸಂತೆಗೆ ಸೊಪ್ಪು ತರುವ ಅಜ್ಜಿಯೊಬ್ಬರು ಹೇಳಿದ್ದು. ಕಪ್ಪು ಬಿಳುಪು ಚಿತ್ರ. ಮದುವೆಯಾದ ಹೊಸತರಲ್ಲಿ ಜಾತ್ರೆಗೆ ಬಂದ ಟೆಂಟಿನಲ್ಲಿ ನೋಡಿದ್ದು. ಹಾಡು ನೆನಪಿಲ್ಲ, ನಟರು ನೆನಪಿಲ್ಲ. ಒಬ್ಬಳು ಹೆಂಗಸು ಬಾವಿಕಟ್ಟೆಯ ಮೇಲೆ ತುಂಬಿದ ಕೊಡ ಇಟ್ಟು ತವರಿನ ಬಸ್ಸಿಗಾಗಿ ನಿಂತಿರುತ್ತಾಳೆ. ಬಸ್ಸು ಬರುತ್ತದೆ, ನಿಲ್ಲುವುದಿಲ್ಲ. ಅವಳು ಅಳದೆ ಕೊಡ ಎತ್ತಿಕೊಂಡು ಮನೆಗೆ ಹೋಗುತ್ತಾಳೆ. ‘ಅವತ್ತಿಂದ ಬಸ್ಸು ಕಂಡಾಗೆಲ್ಲ ಅವಳು ಗ್ಯಾಪಕಕ್ಕೆ ಬತ್ತಾಳೆ ಸಾ’ ಅಂದರು. ಎರಡು ತಿಂಗಳಿಂದ ನಮ್ಮ ಬೀದಿಯ ಮಕ್ಕಳೆಲ್ಲ ಹುಡುಕುತ್ತಿದ್ದಾರೆ. ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನೂ ಒಂದು ಮಾತು ಕೇಳಿ ನೋಡಿ. ಗೊತ್ತಾದರೆ ಈ ಪತ್ರಿಕೆಗೇ ಬರೆದು ತಿಳಿಸಿ, ಸೊಪ್ಪಿನ ಅಜ್ಜಿಗೆ ಓದಿ ಹೇಳುತ್ತೇನೆ.