ಒಂದೇ ಸುತ್ತಳತೆಯ ಎರಡು ಹೊಲಗಳು

ತ್ರಿಭುಜದ ಮೂರು ಭುಜಗಳನ್ನು ಅಳೆದು ಕೂಡಿದರೆ ಬರುವ ಮೊತ್ತವೇ ಅದರ ಸುತ್ತಳತೆ. ಗಣಿತದಲ್ಲಿ ಇದಕ್ಕಿಂತ ಸುಲಭವಾದ ಕೆಲಸ ಬೇರೊಂದಿಲ್ಲವೆಂದೇ ಹೇಳಬಹುದು. ಆದರೆ ಹೀಗೆ ದೊರೆತ ಸಂಖ್ಯೆಯಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದು ವಿಚಾರ ಮಾಡತಕ್ಕ ವಿಷಯ.

ಅಣ್ಣತಮ್ಮಂದಿರಿಬ್ಬರ ಪಾಲಿಗೆ ಎರಡು ತ್ರಿಕೋನಾಕಾರದ ಹೊಲಗಳು ಬಂದಿವೆಯೆಂದು ಭಾವಿಸೋಣ. ಅಣ್ಣನ ಹೊಲದ ಭುಜಗಳು 130, 140, 150 ಮೀಟರು. ತಮ್ಮನ ಹೊಲದವು 70, 150, 200 ಮೀಟರು. ಕೂಡಿ ನೋಡಿದರೆ ಎರಡರ ಸುತ್ತಳತೆಯೂ 420 ಮೀಟರೇ. ಬೇಲಿಯ ಖರ್ಚು ಇಬ್ಬರಿಗೂ ಸಮ. ಹಾಗಾದರೆ ಪಾಲೂ ಸಮವೆ?

ಇದನ್ನು ನಿರ್ಣಯಿಸಲು ಸುತ್ತಳತೆಯೇ ನೆರವಾಗುತ್ತದೆ. ಅದರ ಅರ್ಧ 210. ಇದರಿಂದ ಒಂದೊಂದು ಭುಜವನ್ನೂ ಕಳೆದು, ಬಂದ ಮೂರು ಶೇಷಗಳನ್ನೂ 210ನ್ನೂ ಗುಣಿಸಿ, ಗುಣಲಬ್ಧದ ವರ್ಗಮೂಲವನ್ನು ತೆಗೆದರೆ ಅದೇ ವಿಸ್ತೀರ್ಣ. ಅಣ್ಣನ ಹೊಲದಲ್ಲಿ ಶೇಷಗಳು 80, 70, 60, ಗುಣಲಬ್ಧ 7,05,60,000, ವಿಸ್ತೀರ್ಣ 8,400 ಚದರ ಮೀಟರು. ತಮ್ಮನ ಹೊಲದಲ್ಲಿ ಶೇಷಗಳು 140, 60, 10, ಗುಣಲಬ್ಧ 1,76,40,000, ವಿಸ್ತೀರ್ಣ 4,200 ಚದರ ಮೀಟರು. ಅಣ್ಣನಿಗೆ ಎರಡು ಎಕರೆಗೆ ತುಸು ಮೇಲೆ, ತಮ್ಮನಿಗೆ ಒಂದು ಎಕರೆಗೆ ತುಸು ಮೇಲೆ!

ಗ್ರೀಕ್ ಗಣಿತಜ್ಞ ಹೀರೋನನ ಹೆಸರಿನಿಂದ ಪ್ರಸಿದ್ಧವಾದ ಈ ಸೂತ್ರ ನಮ್ಮವರಿಗೂ ತಿಳಿದಿತ್ತು. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿಯೂ, 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿಯೂ ಇದು ಸೂಕ್ಷ್ಮ ಫಲದ ವಿಧಾನವಾಗಿ ಬಂದಿದೆ. ಅದರೊಡನೆ ಒಂದು ಸ್ಥೂಲ ವಿಧಾನವೂ ಉಂಟು: ಎರಡು ಭುಜಗಳ ಮೊತ್ತದ ಅರ್ಧವನ್ನು ಪಾದದ ಅರ್ಧದಿಂದ ಗುಣಿಸುವುದು. ಅಣ್ಣನ ಹೊಲಕ್ಕೆ 140ನ್ನು ಪಾದವಾಗಿಟ್ಟುಕೊಂಡರೆ ಇದರಿಂದ 9,800 ಬರುತ್ತದೆ. ತಮ್ಮನ ಹೊಲಕ್ಕೆ 200ನ್ನು ಪಾದವಾಗಿಟ್ಟುಕೊಂಡರೆ 11,000 ಬರುತ್ತದೆ. ಸ್ಥೂಲ ಲೆಕ್ಕವನ್ನೇ ನಂಬಿದರೆ ಅರ್ಧ ಪಾಲು ಪಡೆದ ತಮ್ಮನೇ ಹೆಚ್ಚು ಪಡೆದವನೆಂದಾಗುತ್ತದೆ!

ಈ ದೋಷಕ್ಕೆ ಕಾರಣ ಸ್ಪಷ್ಟ. ಪಾದದ ಅರ್ಧವನ್ನು ಗುಣಿಸಬೇಕಾದುದು ಎತ್ತರದಿಂದ. ಓರೆಯಾದ ಭುಜವು ಎತ್ತರಕ್ಕಿಂತ ಯಾವಾಗಲೂ ಉದ್ದವಾದ್ದರಿಂದ ಸ್ಥೂಲ ಫಲವು ನಿಜವಾದ ಫಲವನ್ನು ಮೀರುತ್ತದೆ. ತ್ರಿಭುಜ ಚಪ್ಪಟೆಯಾದಷ್ಟೂ ತಪ್ಪು ಬೆಳೆಯುತ್ತದೆ. ತಮ್ಮನ ಹೊಲದ 200 ಮೀಟರಿನ ಭುಜ 210ಕ್ಕೆ ಮುಟ್ಟಿದ್ದರೆ ಒಂದು ಶೇಷ ಸೊನ್ನೆಯಾಗಿ, ಹೊಲವು ಬರಿಯ ಗೆರೆಯಾಗುತ್ತಿತ್ತು.

ಹಾಗಾದರೆ ಒಂದೇ ಸುತ್ತಳತೆಯಲ್ಲಿ ಅತಿ ಹೆಚ್ಚು ನೆಲವನ್ನು ಒಳಗೊಳ್ಳುವ ತ್ರಿಭುಜ ಯಾವುದು? ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಲಗೆಯ ಮೇಲೆ 14 ಸೆಂಟಿಮೀಟರು ಅಂತರದಲ್ಲಿ ಎರಡು ಗುಂಡುಸೂಜಿಗಳನ್ನು ನೆಟ್ಟು, 42 ಸೆಂಟಿಮೀಟರು ಸುತ್ತಳತೆಯ ದಾರದ ಬಳೆಯನ್ನು ಅವುಗಳಿಗೆ ತೊಡಿಸಿ, ಪೆನ್ಸಿಲಿನಿಂದ ಬಿಗಿಯಾಗಿ ಎಳೆದು ಸುತ್ತಿಸಬೇಕು. ಮೂಡುವ ರೇಖೆ ದೀರ್ಘವೃತ್ತ. ಪೆನ್ಸಿಲು ನಡುವೆ ಬಂದಾಗ, ಎಂದರೆ ಎರಡು ಭುಜಗಳು ಸಮವಾದಾಗ, ಎತ್ತರ ಅತ್ಯಧಿಕ; ಆದ್ದರಿಂದ ವಿಸ್ತೀರ್ಣವೂ ಅತ್ಯಧಿಕ. ಯಾವ ಭುಜವನ್ನು ಪಾದವೆಂದು ತೆಗೆದುಕೊಂಡರೂ ಈ ಮಾತು ಸಲ್ಲುವುದರಿಂದ, ಮೂರು ಭುಜಗಳೂ ಸಮವಾದ ತ್ರಿಭುಜವೇ ಶ್ರೇಷ್ಠ. 140 ಮೀಟರು ಭುಜದ ಅಂಥ ಹೊಲದ ವಿಸ್ತೀರ್ಣ ಸುಮಾರು 8,487 ಚದರ ಮೀಟರು. ಅಣ್ಣನ ಹೊಲ ಇದಕ್ಕೆ ಬಹು ಸಮೀಪ.

ಸುತ್ತಳತೆಯು ಬೇಲಿಯ ಉದ್ದವನ್ನು ಹೇಳುತ್ತದೆ, ಬೆಳೆಯನ್ನು ಹೇಳುವುದಿಲ್ಲ. ಪಾಲು ಮಾಡುವವರು ಮೊತ್ತವನ್ನು ಮಾತ್ರ ಬರೆದಿಟ್ಟುಕೊಳ್ಳದೆ, ಮೂರು ಭುಜಗಳನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳುವುದು ನ್ಯಾಯ.