ಮೊದಲು ನೀರು, ಅನಂತರ ಮೀನು
ಮನೆಯ ತೊಟ್ಟಿಯಲ್ಲಿ ಮೂಲ ತಳಿಯ ಏಂಜೆಲ್ ಮೀನುಗಳ ಪಾಲನೆ

ಆಯುಧಪೂಜೆಯ ಸಂದರ್ಭದಲ್ಲಿ ಅಂಗಡಿಗೋ ಮನೆಗೋ ಹೊಸ ಗಾಜಿನ ತೊಟ್ಟಿಯನ್ನು ತಂದು, ಅಂದೇ ನೀರು ತುಂಬಿಸಿ, ಅಂದೇ ಮೀನು ಬಿಡುವ ವರ್ತಕ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. ದೀಪಾವಳಿಯ ವೇಳೆಗೆ ಆ ತೊಟ್ಟಿ ಬರಿದಾಗಿರುವುದೂ ಅಪರೂಪವಲ್ಲ. ಮೀನು ಮಾರಿದವರನ್ನು ದೂರುವುದು ವಾಡಿಕೆ. ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಮೀನಿನಲ್ಲಲ್ಲ, ನೀರಿನಲ್ಲಿ. ಮೂಲ ತಳಿಯ ಏಂಜೆಲ್ ಮೀನುಗಳನ್ನು ಸಾಕಬಯಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮೂರು ಪ್ರಭೇದಗಳು

ಪೇಟೆಯಲ್ಲಿ ದೊರೆಯುವ ಕಪ್ಪು, ಬಿಳಿ, ಚುಕ್ಕೆಯ ಏಂಜೆಲ್ ಮೀನುಗಳು ತಲೆಮಾರುಗಳಿಂದ ತೊಟ್ಟಿಗಳಲ್ಲೇ ಬೆಳೆಸಿದ ತಳಿಗಳು. ನಿಸರ್ಗದಲ್ಲಿ ಗುರುತಿಸಲಾಗಿರುವ ಪ್ರಭೇದಗಳು ಮೂರು. ಮೂರೂ ದಕ್ಷಿಣ ಅಮೆರಿಕದವು. 1823ರಲ್ಲಿ ವಿಜ್ಞಾನಿಗಳು ವರ್ಣಿಸಿದ ‘ಸ್ಕಲೇರ್’ ಅಮೆಜಾನ್ ಪ್ರದೇಶದಲ್ಲಿ ವ್ಯಾಪಕವಾಗಿದೆ. 1903ರಲ್ಲಿ ಹೆಸರು ಪಡೆದ ‘ಆಲ್ಟಮ್’ ಒರಿನೋಕೊ ಮತ್ತು ರಿಯೊ ನೀಗ್ರೊ ನದಿಗಳದ್ದು. ಮೂರರಲ್ಲಿ ಅತಿ ಎತ್ತರದ್ದು. 1963ರಲ್ಲಿ ವರ್ಣಿತವಾದ ‘ಲಿಯೊಪೋಲ್ಡಿ’ ಗಾತ್ರದಲ್ಲಿ ಚಿಕ್ಕದು, ಸ್ವಭಾವದಲ್ಲಿ ಜಗಳಗಂಟಿ. ಆಲ್ಟಮ್ ಮೀನಿಗೆ ಅತಿ ಮೃದುವಾದ, ಆಮ್ಲೀಯ ನೀರು ಬೇಕು. ಆದ್ದರಿಂದ ಹೊಸಬರು ಸ್ಕಲೇರ್‌ನಿಂದ ಆರಂಭಿಸುವುದು ಕ್ಷೇಮ.

ನಮ್ಮ ಊರಿನ ನೀರು

ನಂಜನಗೂಡು ಕಪಿಲೆಯ ದಡದ ಊರು. ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಸೇರುತ್ತದೆ. ಆದರೂ ಅನೇಕ ಮನೆಗಳು, ಘಟಕಗಳು ಬಳಸುವುದು ಕೊಳವೆ ಬಾವಿಯ ನೀರನ್ನು. ಕಲ್ಲು ನೆಲದಿಂದ ಬರುವ ಈ ನೀರು ಸಾಮಾನ್ಯವಾಗಿ ಗಡಸು. ಇದಕ್ಕೆ ಆರ್.ಓ. ಯಂತ್ರದ ನೀರನ್ನೋ, ಮೊದಲ ಮಳೆಯನ್ನು ಬಿಟ್ಟು ಶುಚಿಯಾಗಿ ಹಿಡಿದ ಮಳೆನೀರನ್ನೋ ಬೆರೆಸಿ ಮೃದುಗೊಳಿಸಬಹುದು. ನಲ್ಲಿ ನೀರಾದರೆ ಕ್ಲೋರಿನ್ ನಿವಾರಿಸುವ ದ್ರಾವಣವನ್ನು ಬೆರೆಸಿಯೇ ಬಳಸಬೇಕು. ರಸ್ತೆಬದಿಯ ಕಾಡುಬಾದಾಮಿ ಮರದ ಒಣ ಎಲೆಗಳನ್ನು ತೊಳೆದು ಹಾಕಿದರೆ ನೀರು ನಸುಗಂದಾಗಿ, ಈ ಮೀನುಗಳ ತವರಿನ ನೀರನ್ನು ಹೋಲುತ್ತದೆ. ಸ್ಕಲೇರ್‌ಗೆ ಪಿ.ಎಚ್. 6ರಿಂದ 7.5, ಉಷ್ಣತೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತಕರ. ನಮ್ಮಲ್ಲಿ ಚಳಿಗಾಲದ ರಾತ್ರಿಗಳಿಗೆ ಹೀಟರ್ ಅವಶ್ಯ.

ತೊಟ್ಟಿ ಮತ್ತು ತಾಳ್ಮೆ

ಏಂಜೆಲ್ ಮೀನು ಉದ್ದಕ್ಕಿಂತ ಎತ್ತರಕ್ಕೆ ಬೆಳೆಯುವುದರಿಂದ ತೊಟ್ಟಿಯ ಎತ್ತರ 2 ಅಡಿ ಇರಲಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಇಂತಹ ತೊಟ್ಟಿಯಲ್ಲಿ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 340 ಕಿಲೋ. ಗಾಜು, ಮರಳು, ಕಬ್ಬಿಣದ ಸ್ಟ್ಯಾಂಡ್ ಬೇರೆ. ಹಳೆಯ ಮದರಾಸು ತಾರಸಿಯ ಮಹಡಿಯ ಮೇಲೆ ಇಡುವ ಮುನ್ನ ಇಂಜಿನಿಯರರ ಸಲಹೆ ಪಡೆಯುವುದು ಉಚಿತ.

ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಅನಂತರ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಜೀವಿಗಳು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಆಹಾರ ಹಾಕಿ ಫಿಲ್ಟರನ್ನು ನಡೆಸುತ್ತಿರಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವೆಂದು ಕಂಡ ಮೇಲೆ ಮೀನು ತರಬೇಕು. ಹೊಸ ವ್ಯಾಪಾರದಲ್ಲಿ ಮೊದಲ ತಿಂಗಳೇ ಲಾಭ ನಿರೀಕ್ಷಿಸದ ವರ್ತಕರಿಗೆ ಈ ತಾಳ್ಮೆ ಕಠಿಣವಾಗಲಾರದು.

ಒಮ್ಮೆಗೆ 5-6 ಮರಿಗಳು ಸಾಕು. ಅವುಗಳನ್ನು ಎರಡು ಮೂರು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಿಯಾನ್ ಟೆಟ್ರಾದಂತಹ ಪುಟ್ಟ ಮೀನುಗಳನ್ನು ಜೊತೆಗೆ ಬಿಟ್ಟರೆ ಅವು ಏಂಜೆಲ್‌ಗಳಿಗೆ ಆಹಾರವಾಗುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೊಳೆಯತಕ್ಕದ್ದು. ಕ್ಲೋರಿನ್ ಇರುವ ನಲ್ಲಿ ನೀರು ಉಪಕಾರಿ ಜೀವಿಗಳನ್ನು ಕೊಲ್ಲುತ್ತದೆ. ವಿದ್ಯುತ್ ಕಡಿತದ ವೇಳೆಗೆ ಬ್ಯಾಟರಿಯ ಗಾಳಿ ಪಂಪು ಕೈಗೆ ಸಿಗುವಂತಿರಲಿ.

ಉದ್ಯಮದ ದೃಷ್ಟಿ

ಈ ಹವ್ಯಾಸವು ಗಾಜು ಕತ್ತರಿಸುವವರು, ವೆಲ್ಡಿಂಗ್ ಘಟಕಗಳು, ವಿದ್ಯುತ್ ಉಪಕರಣಗಳ ವ್ಯಾಪಾರಿಗಳು ಎಲ್ಲರಿಗೂ ಕೆಲಸ ಒದಗಿಸಬಲ್ಲದು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ಮನೆಯಂಗಳದ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚವನ್ನು ನಿಗದಿಪಡಿಸಿತ್ತು. ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನದ ಅವಕಾಶ ಅದರಲ್ಲಿತ್ತು. ಆಸಕ್ತರು ಮೀನುಗಾರಿಕೆ ಇಲಾಖೆಯಲ್ಲಿ ಈಗಿನ ನಿಯಮಗಳನ್ನು ವಿಚಾರಿಸಬಹುದು.

ನದಿಯ ಹೊಣೆ

ಬೇಸರವಾದಾಗ ಮೀನನ್ನು ಹೊಳೆಗೆ ಬಿಡುವುದು ಪುಣ್ಯವೆಂದು ಕೆಲವರು ಭಾವಿಸುತ್ತಾರೆ. ಇದು ತಪ್ಪು. ಹೊರನಾಡಿನ ಮೀನುಗಳು ಸ್ಥಳೀಯ ಮೀನುಗಳ ಆಹಾರ, ನೆಲೆಗಳನ್ನು ಕಬಳಿಸಬಹುದು, ರೋಗಗಳನ್ನೂ ಹರಡಬಹುದು. ಕಾವೇರಿ ಕೊಳ್ಳಕ್ಕೇ ಸೀಮಿತವಾದ ಡುಬ್ಬದ ಮಹಶೀರ್ ಮೀನು 2018ರಲ್ಲಿ ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿದೆ. ಬೇಡವಾದ ಮೀನನ್ನು ಅಂಗಡಿಗೋ ಮತ್ತೊಬ್ಬ ಹವ್ಯಾಸಿಗೋ ಒಪ್ಪಿಸುವುದೇ ಸರಿಯಾದ ಮಾರ್ಗ.

ಆದ್ದರಿಂದ ಈ ಬಾರಿ ಆಯುಧಪೂಜೆಗೆ ತೊಟ್ಟಿಯನ್ನು ಮಾತ್ರ ತನ್ನಿ, ನೀರನ್ನು ಸಿದ್ಧಗೊಳಿಸಿ. ಮೀನು ಕಾರ್ತಿಕ ಮಾಸದಲ್ಲಿ ಬರಲಿ. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷವಾದರೂ ಬದುಕಬಲ್ಲ ಜೀವಕ್ಕಾಗಿ ಆರು ವಾರ ಕಾಯುವುದು ದೊಡ್ಡ ಮಾತೇನಲ್ಲ.